ಹಿಮ್ಮಡಿ ನೋವಿನವಳ ಕಾಲುಂಗುರ

ನಿಮ್ಮಮ್ಮನ ಹಿಮ್ಮಡಿಗೆ ಶಿವಮೊಗ್ಗದಲ್ಲಿ ಶಾಕ್ ವೇವ್ ಎಂಬ ಚಿಕಿತ್ಸೆ ಕೊಡುವುದನ್ನು ನೀವಿಬ್ಬರೂ ನೋಡಿ ಬಂದಿರಿ. ಟಕಟಕ ಎಂದು ಬಡಿಯುವ ಆ ಯಂತ್ರದ ಸುದ್ದಿ ಹೇಳುತ್ತಾ, ನಿನ್ನ ಕಾಲದಲ್ಲಿ ಹಿಮ್ಮಡಿ ನೋವಿಗೆ ಏನು ಮಾಡುತ್ತಿದ್ದರು ಅಜ್ಜಿ ಎಂದು ಕೇಳಿದಿರಿ. ಬಿಸಿ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಇಟ್ಟು ಕಾಲು ಊರುತ್ತಿದ್ದರು ಎಂದಷ್ಟೇ ಹೇಳಿದೆ. ಅದು ಪೂರ್ತಿ ಉತ್ತರವಲ್ಲ. ಎದುರು ಕೂತು ಹೇಳುವುದು ನನಗೆ ಬರುವುದಿಲ್ಲ, ನಿಮಗೆ ಗೊತ್ತಲ್ಲ. ಅದಕ್ಕೇ ಬರೆದು ಕೊಡುತ್ತಿದ್ದೇನೆ.

ಎಂಬತ್ತರ ದಶಕದ ನಡುವಿನ ಮಾತು. ಆಗ ನಾನು ಸಾಗರದಲ್ಲಿ ಒಬ್ಬ ಮೂಳೆ ಡಾಕ್ಟರ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದೆ. ಅಲ್ಲಿ ಒಂದು ಯಂತ್ರವಿತ್ತು. ಬೂದು ಬಣ್ಣದ ದೊಡ್ಡ ಟ್ರಂಕಿಗೆ ನಾಲ್ಕು ಚಕ್ರ ಜೋಡಿಸಿದಂತೆ ಕಾಣುತ್ತಿತ್ತು. ಅದರಿಂದ ಎರಡು ದಪ್ಪ ಕೇಬಲ್ಲುಗಳು ಹೊರಟು, ಒಂದೊಂದರ ತುದಿಯಲ್ಲೂ ಅಂಗೈ ಅಗಲದ ರಬ್ಬರಿನ ಪ್ಯಾಡು. ನೋವಿರುವ ಜಾಗವನ್ನು ಎರಡು ಪ್ಯಾಡುಗಳ ನಡುವೆ ಹಿಡಿದರೆ ಮಾಂಸದ ಒಳಗಿನಿಂದಲೇ ಬಿಸಿ ಹುಟ್ಟುತ್ತಿತ್ತು. ಡಾಕ್ಟರು ಶಾರ್ಟ್ ವೇವ್ ಎನ್ನುತ್ತಿದ್ದರು. ರೋಗಿಗಳು ‘ಕರೆಂಟ್ ಶಾಖ’ ಎನ್ನುತ್ತಿದ್ದರು. ಅದನ್ನು ನಡೆಸುತ್ತಿದ್ದವನು ಬೇರೆ ಊರಿಗೆ ಕೆಲಸ ಬದಲಿಸಿದ್ದರಿಂದ ಡಾಕ್ಟರು ಒಂದು ವಾರ ಜೊತೆಗೆ ನಿಂತು ನನಗೇ ಕಲಿಸಿದರು. ಏಳನೇ ಕ್ಲಾಸು ಓದಿದವಳು ನಾನು. ಹೇಳಿದ್ದನ್ನೆಲ್ಲ ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಬರೆದು ಗೋಡೆಗೆ ಅಂಟಿಸಿಕೊಂಡೆ.

ಮರದ ಕುರ್ಚಿಯನ್ನೇ ಕೊಡಬೇಕು. ಚರ್ಮ ಒಣಗಿರಬೇಕು, ಬೆವರಿದ್ದರೆ ಒರೆಸಬೇಕು. ಒಂದು ಗಾಜಿನ ನಳಿಗೆಯಲ್ಲಿ ಬಿಸಿ ನೀರು, ಇನ್ನೊಂದರಲ್ಲಿ ತಣ್ಣೀರು ಹಿಡಿದು ಮುಟ್ಟಿಸಿ, ರೋಗಿಗೆ ಬಿಸಿ ತಣ್ಣಗಿನ ವ್ಯತ್ಯಾಸ ತಿಳಿಯುತ್ತದೆಯೇ ಎಂದು ಮೊದಲೇ ನೋಡಬೇಕು. ಪ್ಯಾಡಿಗೂ ಚರ್ಮಕ್ಕೂ ನಡುವೆ ಒಣಗಿದ ಟವೆಲ್ಲಿನ ಮಡಿಕೆ ಇಡಬೇಕು. ಕೇಬಲ್ಲು ಒಂದಕ್ಕೊಂದು ತಾಗಬಾರದು. ಗುಂಡಿಯನ್ನು ನಿಧಾನ ತಿರುಗಿಸುತ್ತಾ ಮೀಟರಿನ ಮುಳ್ಳು ಮೇಲೇರುವುದನ್ನು ಕಾಯಬೇಕು. ಹದಿನೈದು ನಿಮಿಷ. ರೋಗಿಗೆ ಹಿತವಾದ ಬಿಸಿ ಸಾಕು, ಸುಡುವ ಬಿಸಿ ಕೂಡದು. ಎಲ್ಲಕ್ಕಿಂತ ಮುಖ್ಯ ಎಂದು ಡಾಕ್ಟರು ಅಡಿಗೆರೆ ಹಾಕಿಸಿದ್ದು ಒಂದು ಸಾಲಿಗೆ: ಆ ಜಾಗದಲ್ಲಿ ಲೋಹ ಯಾವುದೂ ಇರಬಾರದು. ಲೋಹವಿದ್ದರೆ ಬಿಸಿಯೆಲ್ಲ ಅಲ್ಲೇ ಬಂದು ಸೇರಿ ಚರ್ಮ ಸುಡುತ್ತದೆ.

ಬರುತ್ತಿದ್ದವರಲ್ಲಿ ಹೆಚ್ಚಿನವರು ಗಂಡಸರು. ಮಂಡಿ, ಸೊಂಟ, ಭುಜ. ಹೆಂಗಸರ ಕುತ್ತಿಗೆಗೆ ಶಾಖ ಕೊಡಬೇಕಾದಾಗ ನರ್ಸು ಬಂದು ಕರಿಮಣಿ ತೆಗೆದು, ಅಷ್ಟು ಹೊತ್ತಿಗೆ ಅರಿಶಿನದ ದಾರ ಕಟ್ಟುತ್ತಿದ್ದಳು. ಅವಳು ಮುತ್ತೈದೆ, ಅವಳು ಮುಟ್ಟಬಹುದಿತ್ತು. ನಾನು ಆ ಹೊತ್ತಿನಲ್ಲಿ ಟವೆಲ್ಲು ಮಡಚುವ ನೆಪದಲ್ಲಿ ಆಚೆ ತಿರುಗಿರುತ್ತಿದ್ದೆ.

ಆ ವರ್ಷ ಬೇಸಿಗೆಯಲ್ಲಿ ನರ್ಸು ಹೆರಿಗೆಗೆ ತೌರಿಗೆ ಹೋದಳು. ಅವಳಿಲ್ಲದ ಮೊದಲ ವಾರದಲ್ಲೇ ಜೋಗದ ಹೋಟ್ಲಮ್ಮ ಬಂದಳು.

ಅವಳ ಹೆಸರು ಬರೆಯುವುದಿಲ್ಲ. ಪವರ್‌ಹೌಸಿನ ಶಿಫ್ಟಿನವರಿಗೆ ಬೆಳಗಿನ ಜಾವದಿಂದ ದೋಸೆ, ಚಹಾ ಮಾಡಿಕೊಡುವ ಸಣ್ಣ ಹೋಟೆಲ್ಲು ಅವಳದು. ನನಗಿಂತ ಒಂದೆರಡು ವರ್ಷ ಚಿಕ್ಕವಳು. ಬಾಯಿ ಜೋರು. ಬಾಗಿಲಿನಿಂದ ಕುರ್ಚಿಯವರೆಗೆ ಬಲಗಾಲಿನ ತುದಿಬೆರಳ ಮೇಲೆ ನಡೆದು ಬಂದಳು.

“ದೀಪಾವಳಿಯಿಂದ ಹಿಂಗೇ ಡಾಕ್ಟ್ರೇ. ಬೆಳಿಗ್ಗೆ ಎದ್ದು ಕಾಲು ಊರಿದ್ರೆ ಹಿಮ್ಮಡಿಗೆ ದಬ್ಬಳ ಚುಚ್ಚಿದಂಗೆ. ನಾಕು ಹೆಜ್ಜೆ ಹಾಕಿದ್ರೆ ಸ್ವಲ್ಪ ಬಿಡ್ತದೆ. ದೋಸೆ ಕಾವಲಿ ಮುಂದೆ ನಿಂತ್ರೆ ಮತ್ತೆ ಶುರು.”

ಡಾಕ್ಟರು ಹಿಮ್ಮಡಿಯ ಒಳಬದಿಗೆ ಹೆಬ್ಬೆರಳು ಒತ್ತಿದರು. ಅವಳು ಕುರ್ಚಿಯಿಂದ ಹಾರಿಬಿದ್ದಳು. “ಮೂಳೆ ಬೆಳೆದದೆ ಅಂತಾರೆ ಎಲ್ಲರೂ, ಹೌದಾ?” ಎಂದು ಕೇಳಿದಳು.

“ಮೂಳೆಯಲ್ಲಮ್ಮ. ಅಂಗಾಲಿನ ಉದ್ದಕ್ಕೂ ಒಂದು ದಪ್ಪ ನಾರಿದೆ. ಅದು ಹಿಮ್ಮಡಿಗೆ ಅಂಟಿರೋ ಜಾಗ ಬಾತಿದೆ. ಸಿಮೆಂಟ್ ನೆಲದ ಮೇಲೆ ದಿನವೆಲ್ಲ ನಿಂತರೆ ಇನ್ನೇನಾಗುತ್ತೆ? ಹತ್ತು ಸಲ ಶಾಖ ತಗೊಳ್ಳಿ, ದಿನ ಬಿಟ್ಟು ದಿನ. ಒಂದು ತಿಂಗಳು ನಿಲ್ಲೋ ಕೆಲಸ ಬಿಡಿ.”

“ಶಾಖ ತಗೊಳ್ತೀನಿ. ನಿಲ್ಲದು ಬಿಟ್ರೆ ಹೋಟ್ಲು ಮುಚ್ದಂಗೇ. ಶಿಫ್ಟಿನೋರು ಒಂದ್ಸಲ ಬೇರೆ ಕಡೆ ಚಾ ಕುಡಿಯಾಕೆ ಹೋದ್ರೆ ವಾಪಸ್ ಬರಲ್ಲ. ಮನೇಲಿ ಅವ್ರಿಗೆ ಉಬ್ಬಸ, ಎದ್ದು ನಾಕು ಕೊಡ ನೀರು ಹೊರಕ್ಕಾಗದಿಲ್ಲ.”

ಡಾಕ್ಟರು ಬೇರೆ ರೋಗಿಯ ಕಡೆ ಹೋಗುತ್ತಾ, “ಲೋಹ ಎಲ್ಲ ತೆಗೆಸಿದ್ಯೇನಮ್ಮಾ?” ಎಂದು ನನ್ನನ್ನು ಕೇಳಿದರು.

ಅವಳ ಎರಡನೇ ಬೆರಳಿನಲ್ಲಿ ಬೆಳ್ಳಿಯ ಕಾಲುಂಗುರವಿತ್ತು. ಎಷ್ಟೋ ವರ್ಷದಿಂದ ತೆಗೆಯದೆ ಬೆರಳಿನ ಚರ್ಮದಲ್ಲಿ ಕೂತುಹೋಗಿತ್ತು. ಅದನ್ನು ತೆಗೆಯಿರಿ ಎಂದು ಮುತ್ತೈದೆಗೆ ನಾನು ಹೇಗೆ ಹೇಳಲಿ? ನನ್ನ ಕಾಲಿನದನ್ನು ತೆಗೆದ ದಿನ, ತೆಗೆದವರ ಮುಖ ನನಗೆ ನೆನಪಿಲ್ಲ. ಬೆರಳುಗಳು ನೆನಪಿವೆ. ನಾನು “ಹೂಂ” ಎಂದುಬಿಟ್ಟೆ.

ಒಂದು ಪ್ಯಾಡು ಹಿಮ್ಮಡಿಯ ಕೆಳಗೆ, ಇನ್ನೊಂದು ಪಾದದ ಮೇಲೆ. ಬೆರಳು ದೂರವಿದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸಾಲದ್ದಕ್ಕೆ ಉಂಗುರದ ಮೇಲೆ ಟವೆಲ್ಲನ್ನು ಎರಡು ಮಡಿಕೆ ಹೆಚ್ಚಿಗೆ ಹೊದಿಸಿದೆ. ಯಂತ್ರ ಗುಂಯ್‌ಗುಟ್ಟತೊಡಗಿತು.

“ಇದು ಯಾವ ಕರೆಂಟಕ್ಕಾ, ಲಿಂಗನಮಕ್ಕಿ ಡ್ಯಾಮಿಂದಾ?” ಎಂದು ಕೇಳಿದಳು.

“ಇರ್ಬೇಕು.”

“ನಮ್ಮ ತೌರುಮನೆ ಮುಳುಗ್ಸಿ ಮಾಡಿದ ಕರೆಂಟು. ಒಂದ್ಸಲನಾದ್ರೂ ನಂಗೆ ಉಪಕಾರಕ್ಕೆ ಬರ್ಲಿ ಬಿಡಿ.”

ನನಗೆ ನಗು ಬಂತು. ಮೊದಲನೇ ದಿನ ಏನೂ ಆಗಲಿಲ್ಲ. ಏನೂ ಆಗದಿದ್ದುದೇ ನನಗೆ ಧೈರ್ಯ ಕೊಟ್ಟಿತು.

ಎರಡನೇ ಸಲ ಅವಳು ಬಂದಾಗಲೂ ಡಾಕ್ಟರ ಪ್ರಶ್ನೆಗೆ “ಹೂಂ” ಎಂದೆ. ಆ ದಿನ ವೋಲ್ಟೇಜು ಬಿದ್ದುಹೋಗಿತ್ತು. ಕರೆಂಟು ಹುಟ್ಟುವ ಜಾಗ ಇಷ್ಟು ಹತ್ತಿರ, ಆದರೂ ನಮ್ಮ ಯಂತ್ರದ ಮುಳ್ಳು ಏಳದು. ನಾನು ಗುಂಡಿಯನ್ನು ಎಂದಿಗಿಂತ ಹೆಚ್ಚಿಗೆ ತಿರುಗಿಸಿದೆ. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಪ್ಲಾಸ್ಟರ್ ಹಾಕಲು ಡಾಕ್ಟರು ಕರೆದರು, ಎರಡು ನಿಮಿಷ ಹೋಗಿ ಬಂದೆ. ಬರುವಾಗ ವೋಲ್ಟೇಜು ಏರಿ ದೀಪಗಳು ಜಗ್ಗನೆ ಉರಿಯುತ್ತಿದ್ದವು. ಮುಳ್ಳು ಕೆಂಪು ಗೆರೆಯ ಹತ್ತಿರ ನಡುಗುತ್ತಿತ್ತು. ಓಡಿ ಗುಂಡಿ ಇಳಿಸಿದೆ.

“ಬಿಸಿ ಹೆಚ್ಚಾಯ್ತಾ?”

“ಹಿತವಾಗದೆ” ಎಂದಳು. ಅವಳ ಹಣೆಯಲ್ಲಿ ಬೆವರಿತ್ತು.

ಟವೆಲ್ಲು ತೆಗೆದು ನೋಡಿದರೆ ಉಂಗುರದ ಸುತ್ತ ಚರ್ಮ ಕೆಂಪಾಗಿ, ಒಂದು ಕಡೆ ಹೆಸರುಕಾಳಿನಷ್ಟು ಬೊಬ್ಬೆ ಎದ್ದಿತ್ತು.

“ಇಷ್ಟು ಸುಡುವಾಗ ಕೂಗಬಾರದಾ?”

“ಉರಿದ್ರೆ ತಾನೆ ಔಷಧಿ ಹಿಡಿಯದು? ನಮ್ಮ ಕಡೆ ನಾಟಿ ವೈದ್ಯರು ಕಾಸಿದ ಕಬ್ಬಿಣದಲ್ಲೇ ಬರೆ ಹಾಕ್ತಿದ್ರು. ಇದೆಂತ ಮಹಾ.”

ಡಾಕ್ಟರು ಬಂದು ಬೊಬ್ಬೆಯನ್ನೂ ಉಂಗುರವನ್ನೂ ನೋಡಿದರು. “ತೆಗೆದ ಮೇಲೆ ಮತ್ತೆ ಹಾಕಿಕೊಂಡ್ರಾ?” ಎಂದು ಅವಳನ್ನೇ ಕೇಳಿದರು. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ, ನನ್ನ ಮುಖ ನೋಡಿದಳು. ಸುಮ್ಮನಿದ್ದಿದ್ದರೆ ತಪ್ಪು ಅವಳ ತಲೆಯ ಮೇಲೆ ಬೀಳುತ್ತಿತ್ತು. ನಾನು ಜೋರಾಗಿ ಮಾತಾಡಿದವಳಲ್ಲ, ಆ ದಿನವೂ ಜೋರಾಗಿ ಬರಲಿಲ್ಲ.

“ನಾನು ತೆಗೆಯಿರಿ ಅಂತ ಹೇಳ್ಲೇ ಇಲ್ಲ ಡಾಕ್ಟ್ರೇ. ಎರಡು ದಿನವೂ ಸುಳ್ಳು ಹೇಳಿದೆ.”

“ಯಾಕೆ?”

ಅವರು ನನ್ನ ಬರಿದಾದ ಹಣೆಯನ್ನು ನೋಡಿದರು, ಆಮೇಲೆ ಗೋಡೆಯ ಮೇಲಿದ್ದ ನನ್ನ ಹಾಳೆಯನ್ನು. ಬೊಬ್ಬೆಗೆ ಮುಲಾಮು ಹಚ್ಚಿ, ಅದು ಮಾಯುವವರೆಗೆ ಶಾಖ ಬೇಡವೆಂದರು. “ಆಮೇಲೂ ಉಂಗುರ ತೆಗೆಯದಿದ್ದರೆ ಈ ಕಾಲಿಗೆ ಮಿಷಿನ್ ಇಲ್ಲ. ಹಿಮ್ಮಡಿಗೆ ಇಂಜೆಕ್ಷನ್ ಕೊಡಬಹುದು, ಅವರು ಒಪ್ಪಿದರೆ. ತೆಗೆಸೋದಾದ್ರೆ ಅದು ನಿನ್ನ ಕೆಲಸ.”

ಅಂಗಾಲಿಗೆ ಸೂಜಿ ಎಂದ ಕೂಡಲೇ ಅವಳು ಸೆರಗು ಸುತ್ತಿಕೊಂಡು ಎದ್ದಳು. ನಾನು ಹೊರಬಾಗಿಲವರೆಗೆ ಹಿಂದೆಯೇ ಹೋಗಿ, ಅಂತೂ ಬಾಯಿಬಿಟ್ಟೆ. “ಒಂದು ಕಾಲಿನದು ಮಾತ್ರ. ಹದಿನೈದೇ ನಿಮಿಷ. ನನ್ನ ಕೈ ಬೇಡ, ಬೇರೆ ಯಾರಾದರೂ ಮುತ್ತೈದೆಯನ್ನ ಕರೀತೀನಿ.”

“ಯಾರ ಕೈಯೂ ಬೇಡಕ್ಕಾ. ಹೋದ ಮಳೆಗಾಲ ಅವ್ರ ಉಸಿರು ಹೋಯ್ತು ಬಂತು ಅನ್ನಂಗಿತ್ತು. ಇಂಥಾ ಹೊತ್ತಲ್ಲಿ ನಾನು ಕಾಲುಂಗುರ ಬಿಚ್ಚಿಟ್ಟು ಕೂತ್ರೆ, ನಾಳೆ ನಂಗೂ ನಿಮ್ಮಂಗೆ...” ಎಂದವಳು ಅಲ್ಲಿಗೇ ನಿಲ್ಲಿಸಿ, ನೆಲ ನೋಡಿದಳು. “ತಪ್ಪು ತಿಳ್ಕಬೇಡಿ.” ತುದಿಬೆರಳ ಮೇಲೆ ನಡೆದು ಬಸ್‌ಸ್ಟ್ಯಾಂಡಿನ ಕಡೆ ಹೋದಳು.

ನನಗೆ ಬೇಸರವಾಗಲಿಲ್ಲ. ಅವಳು ಹೇಳಿದ್ದು ನಾನು ಹೊಸನಗರದ ಕಡೆಯ ನನ್ನೂರಿನಲ್ಲಿ ನೂರು ಸಲ ಕೇಳಿದ ಮಾತೇ. ಆದರೆ ಆ ನಡಿಗೆ ಮನಸ್ಸಿನಿಂದ ಹೋಗಲಿಲ್ಲ. ಹಿಮ್ಮಡಿ ಎತ್ತಿ ನಡೆದು ನಡೆದು ಅವಳಿಗೆ ಮೀನಖಂಡ ಹಿಡಿಯುತ್ತದೆ, ಆಮೇಲೆ ಮಂಡಿ, ಆಮೇಲೆ ಸೊಂಟ. ಅಂಥವರನ್ನು ನಾನು ಆ ಕುರ್ಚಿಯಲ್ಲಿ ದಿನವೂ ಕೂರಿಸುತ್ತಿದ್ದೆ. ನಾನು ಮೊದಲ ದಿನವೇ ಹೇಳಿದ್ದರೆ, ಬೊಬ್ಬೆಯ ಹೆದರಿಕೆಯಾದರೂ ಇರುತ್ತಿರಲಿಲ್ಲ.

ಎರಡು ವಾರ ಕಳೆದ ಮೇಲೆ ಭಾನುವಾರ ಜೋಗದ ಬಸ್ಸು ಹತ್ತಿದೆ. ಹೋಗಿ ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಬೊಬ್ಬೆ ಮಾಯಿತೇ ಎಂದು ಕೇಳಿ ಬಂದರಾಯಿತು ಎಂದುಕೊಂಡಿದ್ದೆ.

ಹೋಟೆಲ್ಲೆಂದರೆ ಎರಡು ಬೆಂಚು, ಒಂದು ಒಲೆ, ಹಿಂದೆ ಒಂದು ಕೋಣೆ. ಮಧ್ಯಾಹ್ನದ ಗಿರಾಕಿಗಳು ಮುಗಿದಿದ್ದರು. ನಾನು ಬಂದದ್ದನ್ನು ಗಂಡ ಹೆಂಡತಿ ಇಬ್ಬರೂ ನೋಡಲಿಲ್ಲ. ಅವಳು ಬೆಂಚಿನ ಮೇಲೆ ಕೂತು ಕಾಲು ಚಾಚಿದ್ದಳು. ಅವಳ ಗಂಡ ನೆಲದ ಮೇಲೆ ಕೂತು ಅವಳ ಹಿಮ್ಮಡಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದ. ಸಣ್ಣ ದೇಹ, ಉಸಿರೆಳೆದಾಗ ಭುಜಗಳು ಮೇಲೇರುತ್ತಿದ್ದವು. ತಿಕ್ಕುತ್ತಾ ತಿಕ್ಕುತ್ತಾ ಬೆರಳಿಗೆ ಬಂದು, ಎಣ್ಣೆ ಹಚ್ಚಿದ ಕೈಯಲ್ಲೇ ಆ ಉಂಗುರವನ್ನು ಸುತ್ತಲೂ ಒಂದು ಸಲ ತಿರುಗಿಸಿ, ಬೊಬ್ಬೆಯ ಗಾಯ ಹೇಗಿದೆ ಎಂದು ಬಗ್ಗಿ ನೋಡಿದ. ಯಾವ ಯೋಚನೆಯೂ ಇಲ್ಲದೆ, ತನ್ನ ಅಂಗಿಯ ಗುಂಡಿ ಮುಟ್ಟಿಕೊಂಡಷ್ಟು ಸಲೀಸಾಗಿ.

ನನಗೆ ತಟ್ಟನೆ ಹೊಳೆಯಿತು.

ಚಹಾ ಕೊಟ್ಟರು. ಕುಡಿಯುವುದು ಮುಗಿಯುವವರೆಗೆ ಧೈರ್ಯ ಕೂಡಿಸಿಕೊಂಡು, ಪರಿಚಯವಿಲ್ಲದ ಗಂಡಸಿನ ಹತ್ತಿರ ನೇರವಾಗಿ ಮಾತಾಡಿದೆ. “ಯಜಮಾನ್ರೇ, ಆ ಕಾಲುಂಗುರ ಹಾಕಿದ್ದು ನೀವೇ ಅಲ್ವಾ?”

“ಮತ್ಯಾರು? ಪಕ್ಕದ ಮನೆಯೋನಾ?”

ಅವಳು ಸೌಟಿನಿಂದ ಅವನ ಬೆನ್ನಿಗೆ ತಟ್ಟಿದಳು.

“ಹಾಗಾದ್ರೆ ನೀವೇ ಸಾಗರಕ್ಕೆ ಬಂದು, ನೀವೇ ತೆಗೀರಿ. ಹದಿನೈದು ನಿಮಿಷ ನಿಮ್ಮ ಕೈಯಲ್ಲೇ ಇರ್ಲಿ. ಮುಗಿದ ಮೇಲೆ ನೀವೇ ಹಾಕಿ. ನಾನು ಉಂಗುರ ಮುಟ್ಟೋದೂ ಇಲ್ಲ.”

“ಎಂತ ಮಾತಾಡ್ತೀರಿ ಅಕ್ಕಾ!” ಎಂದಳು ಅವಳು. “ಹತ್ತು ಜನರೆದ್ರಿಗೆ ಅವ್ರು ನನ್ನ ಕಾಲು ಹಿಡಿಯದಾ?”

“ಮದ್ವೇಲಿ ಊರೇ ನೋಡ್ತಿತ್ತು. ಆಗ ಹಿಡೀಲಿಲ್ವಾ?” ಎಂದ ಅವನು. ಉಸಿರು ಸಾಲದೆ ಸ್ವಲ್ಪ ತಡೆದು ಮುಂದುವರಿಸಿದ. “ನೋಡು, ನಾನು ಬದುಕಿದೀನಿ ಅಂತ ಊರಿಗೆ ಹೇಳಾಕೆ ತಾನೆ ಅದು ಇರದು? ನಾನೇ ಎದ್ರಿಗೆ ಕೂತಿದ್ರೆ... ಅದಕ್ಕೆಂತ ಕೆಲ್ಸ? ಹದಿನೈದು ನಿಮಿಷ ರಜೆ ಕೊಡು.”

ಅವಳು ಒಲೆಯ ಬೂದಿ ಕೆದಕಿದಳು. ಆಮೇಲೆ, “ಬಸ್ಸಲ್ಲಿ ಕಿಟಕಿ ಹತ್ರ ಕೂರ್ಬೇಕು ನೀವು, ಧೂಳಿಗೆ ಮೂಗಿಗೆ ಬಟ್ಟೆ ಕಟ್ಕೊಂಡು” ಎಂದಳು.

ಹಾಗೆ ಹತ್ತು ಸಲದ ಲೆಕ್ಕ ಮತ್ತೆ ಒಂದರಿಂದ ಶುರುವಾಯಿತು. ಡಾಕ್ಟರಿಗೆ ಹೇಳಿ ಗಂಡ ಹೆಂಡತಿಗೆ ವೋಲ್ಟೇಜು ಸರಿಯಿರುವ ಹೊತ್ತು, ಹನ್ನೊಂದು ಗಂಟೆಗೆ ಗೊತ್ತುಮಾಡಿಸಿದೆ. ಮೊದಲ ದಿನ ಉಂಗುರ ಜಪ್ಪಯ್ಯ ಎಂದರೂ ಹೊರಬರಲಿಲ್ಲ. ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ನಾನು ಹೊಲಿಗೆ ದಾರದ ಉಂಡೆ ತಂದು ದೂರದಿಂದಲೇ ಹೇಳಿಕೊಟ್ಟೆ. ದಾರದ ಒಂದು ತುದಿಯನ್ನು ಉಂಗುರದ ಅಡಿಯಿಂದ ನುಸುಳಿಸಬೇಕು. ಉಳಿದದ್ದನ್ನು ಬೆರಳಿನ ತುದಿಯ ಕಡೆಗೆ ಒತ್ತೊತ್ತಾಗಿ ಸುತ್ತಿ ಗೆಣ್ಣನ್ನು ಬಿಗಿಯಬೇಕು. ಆಮೇಲೆ ಅಡಿಯಲ್ಲಿರುವ ತುದಿಯನ್ನು ಹಿಡಿದು ಬಿಚ್ಚುತ್ತಾ ಬಂದರೆ ದಾರದ ಜೊತೆ ಉಂಗುರವೂ ಸುತ್ತು ಸುತ್ತಾಗಿ ಹೊರಬರುತ್ತದೆ. ನಮ್ಮೂರ ಅಕ್ಕಸಾಲಿಗ ಹಾಗೆ ಮಾಡುತ್ತಿದ್ದ. ಆ ಮನುಷ್ಯ ಏದುಸಿರು ಬಿಡುತ್ತಾ, ನಡುನಡುವೆ ನಿಲ್ಲಿಸುತ್ತಾ, ಬಿಚ್ಚಿದ. ಭುಜದ ನೋವಿಗೆ ಬಂದು ಕೂತಿದ್ದ ನಿವೃತ್ತ ಮೇಷ್ಟರೊಬ್ಬರು ಕಂಡು, “ಏನ್ರೀ, ಮತ್ತೊಂದ್ಸಲ ಧಾರೆಯಾ?” ಎಂದರು.

“ಧಾರೆ ಮಾತ್ರ ಸ್ವಾಮಿ. ಊಟ ಇಲ್ಲ.”

ಬೆಂಚು ತುಂಬ ನಗು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವನು ಉಂಗುರವನ್ನು ಮುಷ್ಟಿಯಲ್ಲಿಟ್ಟುಕೊಂಡು ಅವಳ ಕಣ್ಣೆದುರಿಗೇ ಕೂತ, ಆದರೆ ಯಂತ್ರದಿಂದ ಆರಡಿ ದೂರ. ನಾನು ಬೆರಳಿನ ಬೆವರು ಒರೆಸಿ, ಬಿಸಿ ತಣ್ಣಗಿನ ಪರೀಕ್ಷೆ ಮಾಡಿ, ಪ್ಯಾಡು ಕಟ್ಟಿದೆ. ಈ ಸಲ ಅವಳಿಗೆ ಖಂಡಿತವಾಗಿ ಹೇಳಿದೆ. “ಉರಿಯೋದು ಔಷಧಿಯಲ್ಲ. ಉರಿದ್ರೆ ಕೂಗಬೇಕು. ಕೂಗದಿದ್ರೆ ಮಿಷಿನ್ ನಿಲ್ಲಿಸ್ತೀನಿ.” ಹದಿನೈದು ನಿಮಿಷವೂ ನಾನು ಮುಳ್ಳಿನ ಮುಂದಿನಿಂದ ಕದಲಲಿಲ್ಲ. ಡಾಕ್ಟರು ಕರೆದರೂ ಹೋಗಲಿಲ್ಲ. ಅವರೂ ಎರಡನೇ ಸಲ ಕರೆಯಲಿಲ್ಲ.

ನಾಲ್ಕು ಸಲ ಮುಗಿದರೂ ನೋವು ಹಾಗೇ ಇತ್ತು. ಐದನೆಯದರ ಮಾರನೇ ದಿನ ಹೆಚ್ಚೇ ಆಯಿತಂತೆ. “ಅವ್ರನ್ನ ಬಸ್ಸಲ್ಲಿ ಒದ್ದಾಡ್ಸಿದ್ದಷ್ಟೇ ಬಂತು” ಎಂದು ಅವಳು ಸಿಡುಕಿದಳು. ಡಾಕ್ಟರು ಅವಳಿಗೆ ಒಂದು ವ್ಯಾಯಾಮ ಹೇಳಿದರು, ನಾನು ಮಾಡಿ ತೋರಿಸಿದೆ. ಬೆಳಿಗ್ಗೆ ಏಳುವ ಮೊದಲು ಹಾಸಿಗೆಯಲ್ಲೇ ಕಾಲು ನೀಡಿ, ಪಾದಕ್ಕೆ ಟವೆಲ್ಲು ಹಾಕಿ, ಬೆರಳುಗಳನ್ನು ತನ್ನ ಕಡೆಗೆ ಎಳೆದು ಹತ್ತು ಎಣಿಸುವವರೆಗೆ ಹಿಡಿಯುವುದು. ಹಾಗೆ ಹತ್ತು ಸಲ. ಆಮೇಲೆಯೇ ಕಾಲು ಊರುವುದು. ನಿಲ್ಲುವಾಗ ಮೆತ್ತನೆ ಚಪ್ಪಲಿ ಹಾಕಬೇಕೆಂದಾಗ ಮಾತ್ರ ಅವಳು ಒಪ್ಪಲಿಲ್ಲ.

“ಒಲೆ ಮುಂದೆ ಚಪ್ಪಲಿಯಾ? ಅನ್ನ ಬೇಯಿಸ ಜಾಗದಲ್ಲಿ?”

“ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಾಕ್ಕೊಳ್ಳಿ” ಎಂದೆ. ಅದಕ್ಕೆ ಒಪ್ಪಿದಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಹಿಟ್ಟು ಕಲಸುವುದು, ತರಕಾರಿ ಹೆಚ್ಚುವುದನ್ನು ಕೂತು ಮಾಡಲು ಅವಳ ಗಂಡನೇ ಒಂದು ಎತ್ತರದ ಸ್ಟೂಲು ಹೊಂದಿಸಿಕೊಟ್ಟ.

ಏಳನೇ ಸಲ ಬಂದವಳು ಕೂರುವ ಮೊದಲೇ ಹೇಳಿದಳು. “ಇವತ್ತು ಎದ್ದಾಗ ದಬ್ಬಳ ಇಲ್ಲ ಅಕ್ಕಾ. ಸೂಜಿ.” ಎಂಟನೆಯದಕ್ಕೆ, ಒಂದೇ ಹೆಜ್ಜೆಗೆ ಬಿಟ್ಟಿತೆಂದಳು. ಅದು ಶಾಖದಿಂದಲೋ, ಟವೆಲ್ಲಿನಿಂದಲೋ, ಗೋಣಿಯಿಂದಲೋ, ಇಲ್ಲಾ ಎಲ್ಲ ಸೇರಿಯೋ ಎಂದು ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಒಂಬತ್ತನೇ ದಿನ ಬಾಗಿಲಿನಿಂದ ಕುರ್ಚಿಯವರೆಗೆ ಹಿಮ್ಮಡಿ ಊರಿಯೇ ನಡೆದಳು.

ಹತ್ತನೇ ದಿನದ ಹೊತ್ತಿಗೆ ಮಳೆ ಹಿಡಿದಿತ್ತು. ಅವಳು ಒಬ್ಬಳೇ ಬಂದಳು. ಮಡಚಿದ ಕೊಡೆಯಿಂದ ನೀರು ಇಳಿಯುತ್ತಿತ್ತು.

“ಯಜಮಾನ್ರು?”

“ಥಂಡಿ ಗಾಳಿಗೆ ಎದೆ ಕಟ್ಟಿದೆ. ಬಸ್ಸು ಹತ್ತಸದು ಬೇಡ ಅಂತ ನಾನೇ ಬಿಟ್ಟು ಬಂದೆ. ಕಷಾಯ ಕುಡಿದು ಮಲಗಿದಾರೆ.”

“ಹಾಗಾದ್ರೆ ಇವತ್ತಿಂದು ಬಿಡೋಣ. ಒಂಬತ್ತಕ್ಕೇ ಗುಣ ಕಂಡಿದೆ. ಇಷ್ಟು ದೂರ ಬಂದದ್ದು ಸುಮ್ನೆ ಆಯ್ತು ನಿಮ್ಗೆ.”

“ಎಂತಕ್ಕೆ ಬಿಡದು?” ಎಂದು ಅವಳು ಮರದ ಕುರ್ಚಿಯಲ್ಲಿ ಕೂತು, ಬಲಗಾಲನ್ನು ನನ್ನ ಮುಂದಿದ್ದ ಸ್ಟೂಲಿನ ಮೇಲಿಟ್ಟಳು. “ದಾರದ ಉಂಡೆ ತನ್ನಿ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. “ಅವ್ರು ಹೇಳಿ ಕಳಿಸಿದ್ರಾ?”

“ಅವ್ರೆಂತದೂ ಹೇಳ್ಲಿಲ್ಲ. ನಾನೇ ಹೇಳ್ತಿದೀನಿ.”

“ಬೇರೆ ಯಾರನ್ನಾದ್ರೂ...”

“ಅಕ್ಕಾ, ಮಧ್ಯಾಹ್ನದ ಬಸ್ಸು ತಪ್ಪಿದ್ರೆ ಸಂಜೆ ಶಿಫ್ಟಿನೋರಿಗೆ ಚಾ ಯಾರು ಕಾಸ್ತಾರೆ? ತೆಗೀರಿ.”

ನಾನು ಕೈ ತೊಳೆದು ಒರೆಸಿಕೊಂಡು ಬಂದು ಕೂತೆ. ದಾರ ನುಸುಳಿಸಿದೆ, ಸುತ್ತಿದೆ, ಬಿಚ್ಚಿದೆ. ಒಂಬತ್ತು ಸಲ ತೆಗೆದು ಹಾಕಿ ಸಡಿಲವಾಗಿತ್ತೋ ಏನೋ, ಬೇಗ ಬಂತು. ಎಲ್ಲಿಡಬೇಕೆಂದು ತಿಳಿಯದೆ ಅದನ್ನು ಎಡಗೈಯ ಮುಷ್ಟಿಯಲ್ಲೇ ಹಿಡಿದು, ಬಲಗೈಯೊಂದರಲ್ಲೇ ಪ್ಯಾಡು ಕಟ್ಟಿ, ಆರಡಿ ದೂರದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಅದರ ಮೇಲಿಟ್ಟು ಬಂದು ಗುಂಡಿ ತಿರುಗಿಸಿದೆ. ಆ ಹದಿನೈದು ನಿಮಿಷದಲ್ಲಿ ಅವಳು ಎರಡು ಸಲ ಮೇಜಿನ ಕಡೆ ನೋಡಿದಳು. ನಾನು ಮುಳ್ಳನ್ನೇ ನೋಡುತ್ತಿದ್ದೆ.

ಹೊತ್ತು ಮುಗಿದು ಯಂತ್ರದ ಗಂಟೆ ಬಾರಿಸಿತು. ಪ್ಯಾಡು ಬಿಚ್ಚಿ, ಚರ್ಮ ನೋಡಿದೆ. ಕೆಂಪಿಲ್ಲ, ಕಲೆಯಿಲ್ಲ. ಉಂಗುರವನ್ನು ಬಟ್ಟೆ ಸಮೇತ ತಂದು ಅವಳ ಕೈಗೆ ಕೊಡಲು ಹೋದೆ. ಅವಳು ಕೈ ಚಾಚಲಿಲ್ಲ. ಬೆರಳು ಅಲ್ಲಾಡಿಸಿದಳು. ನಾನೇ ಹಾಕಿದೆ. ಅವಸರದಲ್ಲಿ ಮೂರನೇ ಬೆರಳಿಗೆ ಹಾಕಿಬಿಟ್ಟಿದ್ದೆ.

“ಅದಲ್ಲ ಮಾರಾಯ್ತಿ, ಅದ್ರ ಪಕ್ಕದ್ದು. ಮರ್ತೇ ಹೋಯ್ತಾ?” ಎಂದು ನಕ್ಕಳು. ನಾನೂ ನಕ್ಕೆ. ತೆಗೆದು, ಸರಿಯಾದ ಬೆರಳಿಗೆ ಏರಿಸಿ, ಮೊದಲಿದ್ದಂತೆ ಚರ್ಮದ ಗುಳಿಯಲ್ಲಿ ಕೂರಿಸಿದೆ.

ಆ ನೋವಿನವರಿಗೆ ಕೂತು ಎದ್ದಾಗಿನ ಮೊದಲ ಹೆಜ್ಜೆಯೇ ಕಷ್ಟದ್ದು. ಅವಳು ಹಿಮ್ಮಡಿಯನ್ನು ಪೂರ್ತಿ ನೆಲಕ್ಕೆ ಊರಿ ಎದ್ದು ನಿಂತಳು. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಅವಳಿಗೆ ಆಗ ಯಾವ ಆಸರೆಯೂ ಬೇಕಾಗಿರಲಿಲ್ಲ. ಆದರೂ ನನ್ನ ಹೆಗಲ ಮೇಲೆ ಕೈಯಿಟ್ಟೇ ಎದ್ದಳು, ಹೊರಬಾಗಿಲವರೆಗೂ ಆ ಕೈ ತೆಗೆಯಲಿಲ್ಲ.